ಹಳಿಯಾಳದ ಗೊಂಡೆ, ಜೊಯಿಡಾದ ಕೆಂದಳಿಲು

ಕಾರ ಹುಣ್ಣಿಮೆ ನಾಲ್ಕು ದಿನವಿದೆ ಎನ್ನುವಾಗ ಹಳಿಯಾಳದ ಪೇಟೆಯ ಹಗ್ಗದಂಗಡಿಗಳಿಗೆ ಬಣ್ಣ ಬರುತ್ತದೆ. ವರ್ಷವಿಡೀ ಕಣ್ಣಿ, ಮಿಣಿ, ಬಾರುಕೋಲು ಎಂದು ಕಂದು ಬಣ್ಣದಲ್ಲೇ ಇದ್ದ ಗೋಡೆಯ ಮೇಲೆ ಮಗಡ, ಮತಾಟಿ, ಹಣೆಪಟ್ಟಿ, ಗೆಜ್ಜೆಸರಗಳು ಜೋತುಬೀಳುತ್ತವೆ. ಎಲ್ಲಕ್ಕೂ ಮುಂದೆ, ಬಾಗಿಲ ಚೌಕಟ್ಟಿಗೇ ಕಟ್ಟಿದ ಗೊಂಚಲುಗಳಲ್ಲಿ ಉಲ್ಲನ್ ಗೊಂಡೆಗಳು: ಕೆಂಪು, ಹಳದಿ, ಗಿಣಿಹಸಿರು, ರಾಣಿ ಬಣ್ಣ. ಮಳೆಗೆ ಮೊದಲೇ ಹೊಲ ಹದ ಮಾಡಿಕೊಂಡ ರೈತರು ಎತ್ತಿನ ಸಿಂಗಾರಕ್ಕೆಂದು ಬಂದು ನಿಲ್ಲುತ್ತಾರೆ. ಗೊಂಡೆಯನ್ನು ಯಾರೂ ಬಣ್ಣ ನೋಡಿ ಸುಮ್ಮನೆ ಕೊಳ್ಳುವುದಿಲ್ಲ. ಮುಷ್ಟಿಯಲ್ಲಿ ಹಿಚುಕಿ ಬಿಡುತ್ತಾರೆ. ಬಿಟ್ಟ ಕೂಡಲೇ ಮೊದಲಿನಷ್ಟೇ ಉಬ್ಬಿದರೆ ಎಳೆ ದಟ್ಟವಾಗಿದೆ ಎಂದು ಅರ್ಥ. ಹಿಚುಕಿದ ಗುರುತು ಉಳಿದರೆ ನಡುವೆ ಪೊಳ್ಳು.

"ಗಟ್ಟಿ ಐತೇನಪಾ ಇದು? ಎತ್ತು ಒಮ್ಮೆ ತಲಿ ಕೊಡವಿದ್ರ ಉದರಿ ಹೋಗಬಾರದು ನೋಡು."

"ಚಿಂತಿ ಬ್ಯಾಡ್ರಿ ಕಾಕಾ, ನಡುವ ನೈಲಾನ್ ದಾರ ಹಾಕಿ ಬಿಗದೇನಿ. ಜಗ್ಗಿ ನೋಡ್ರಿ ಬೇಕಾದ್ರ."

ಕಾಕಾ ಜಗ್ಗಿ ನೋಡುತ್ತಾರೆ. ಒಂದೆಳೆಯೂ ಕೈಗೆ ಬರುವುದಿಲ್ಲ. ಜೋಡಿ ಎತ್ತಿಗೆ ಜೋಡಿ ಗೊಂಡೆ ಕಾಗದದಲ್ಲಿ ಸುತ್ತಿಸಿಕೊಂಡು ಹೊರಡುತ್ತಾರೆ.

ಎಳೆ ದಟ್ಟವಾಗಿರಬೇಕು, ನಡುವಿನ ಗಂಟು ಬಿಗಿಯಾಗಿರಬೇಕು. ಉಲ್ಲನ್ನಿನಿಂದ ಅಂಗೈಯಗಲದ ಪ್ರಾಣಿ ಮಾಡುವ ಕೆಲಸಕ್ಕೂ ಇವೆರಡೇ ಆಧಾರ. ಮಕ್ಕಳ ಕೈಕೆಲಸದ ಪುಸ್ತಕಗಳಲ್ಲಿ ಹಳದಿ ಕೋಳಿಮರಿಯಾಗಿ, ಬಿಳಿ ಮೊಲವಾಗಿ ಕಾಣುವ ಈ ಆಟಿಕೆ ಹೊರಗಿನದು ಎಂದು ನಾವು ಎಣಿಸಿದ್ದೇವೆ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಸೀಮೆಯಲ್ಲಿ ಒಮ್ಮೆ ಕಣ್ಣು ಬಿಟ್ಟು ತಿರುಗಾಡಿದರೆ ಆ ಎಣಿಕೆ ನಿಲ್ಲುವುದಿಲ್ಲ. ನೂಲನ್ನು ಸುತ್ತಿ, ಬಿಗಿದು, ಕತ್ತರಿಸಿ ರೋಮ ಬರಿಸುವ ವಿದ್ಯೆ ಇಲ್ಲಿ ಎಷ್ಟೋ ಕೈಗಳಿಗೆ ಗೊತ್ತು.

ಮುಂಡಗೋಡದ ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರ ಉಡುಗೆಯನ್ನು ನೋಡಿ. ಕಾಂಚಳಿ, ಫೇಟಿಯಾಗಳಲ್ಲಿ ಕನ್ನಡಿ ಚೂರು ಮಿಂಚುವುದು ದೂರಕ್ಕೆ ಕಾಣುತ್ತದೆ. ಹತ್ತಿರ ಹೋದರೆ ಲಾಡಿಯ ತುದಿಗೆ ಕವಡೆ, ಕವಡೆಯ ಕೆಳಗೆ ಉಲ್ಲನ್ ಕುಚ್ಚು. ನಡೆದಂತೆಲ್ಲ ಕುಚ್ಚು ಅಲುಗುತ್ತದೆ. ಅದೇ ತಾಲ್ಲೂಕಿನ ಟಿಬೆಟಿಯನ್ ಕಾಲೊನಿ 1966ರಲ್ಲಿ ನೆಲೆಗೊಂಡದ್ದು. ಬೆಟ್ಟದ ಚಳಿಯಿಂದ ಈ ಮಳೆಕಾಡಿನ ಅಂಚಿಗೆ ಬಂದು ಜೋಳ, ಭತ್ತ ಬೆಳೆಯಲು ಕಲಿತ ಅವರು ರತ್ನಗಂಬಳಿ ನೇಯುವ ಕಸುಬನ್ನೂ ಜೊತೆಗೆ ತಂದರು. ಟಿಬೆಟಿನ ನೇಯ್ಗೆಯಲ್ಲಿ ಒಂದು ವಿಶೇಷವಿದೆ. ಮಗ್ಗದ ಹಾಸಿಗೆ ಅಡ್ಡಲಾಗಿ ಸರಳೊಂದನ್ನು ಹಿಡಿದು, ಬಣ್ಣದ ಉಣ್ಣೆಯನ್ನು ಹಾಸಿನ ಎಳೆಗೂ ಸರಳಿಗೂ ಸುತ್ತುತ್ತ ಹೋಗುತ್ತಾರೆ. ಸಾಲು ತುಂಬಿದ ಮೇಲೆ ಸರಳಿನ ನೆತ್ತಿಯುದ್ದಕ್ಕೂ ಚಾಕು ಎಳೆಯುತ್ತಾರೆ. ಸುತ್ತುಗಳೆಲ್ಲ ಒಮ್ಮೆಗೇ ಬಾಯ್ಬಿಡುತ್ತವೆ. ಅಷ್ಟು ಹೊತ್ತು ಬರೀ ನೂಲಾಗಿದ್ದದ್ದು ಕಂಬಳಿಯ ತುಪ್ಪಟವಾಗುತ್ತದೆ. ಎತ್ತಿನ ಗೊಂಡೆ ಕಟ್ಟುವವನ ಕತ್ತರಿ ಮಾಡುವುದೂ ಇದನ್ನೇ. ಇಬ್ಬರೂ ಒಬ್ಬರಿಂದೊಬ್ಬರು ಕಲಿತವರಲ್ಲ. ಉಣ್ಣೆಯೇ ಇಬ್ಬರಿಗೂ ಕಲಿಸಿದೆ.

ಉಣ್ಣೆ ಎಂದೆ. ಪೇಟೆಯಲ್ಲಿ ನಾವು ಉಲ್ಲನ್ ಎಂದು ಕೇಳಿ ಕೊಳ್ಳುವ ದಾರದಲ್ಲಿ ಹೆಚ್ಚಿನದು ಅಕ್ರಿಲಿಕ್, ಕುರಿಯ ಮೈಯಿಂದ ಬಂದದ್ದಲ್ಲ. ಲುಧಿಯಾನದ ಗಿರಣಿಗಳಿಂದ ದೇಶಕ್ಕೆಲ್ಲ ಹಂಚಿಕೆಯಾಗುತ್ತದೆ. ಚಳಿಗಾಲ ಬಂತೆಂದರೆ ಕಾಲೊನಿಯ ಟಿಬೆಟಿಯನ್ನರು ಊರೂರಿನ ಬೀದಿಬದಿಯಲ್ಲಿ ಸ್ವೆಟರ್ ಮಾರಲು ಹೊರಡುತ್ತಾರಲ್ಲ, ಆ ಸರಕಿಗೂ ಲುಧಿಯಾನವೇ ತವರು. ಅಕ್ರಿಲಿಕ್ಕಿಗೆ ಹುಳು ಹಿಡಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಅಗ್ಗ. ಆದರೆ ಬಿಸಿಯಾದ ಹಬೆ ತಾಗಿದರೆ ಅದರ ಪುಟಿತ ಸತ್ತುಹೋಗುತ್ತದೆ. ನಿಜವಾದ ಉಣ್ಣೆಯ ಗೊಂಡೆಯನ್ನು ಕುದಿಯುವ ನೀರಿನ ಹಬೆಗೆ ಹಿಡಿದರೆ ಅರಳುತ್ತದೆ. ಅಕ್ರಿಲಿಕ್ಕನ್ನು ಹಿಡಿದರೆ ಸೊರಗುತ್ತದೆ, ಮತ್ತೆ ಏಳುವುದಿಲ್ಲ. ಕೊಳ್ಳುವಾಗ ಚೀಟಿ ಓದಿಕೊಳ್ಳುವುದು ಒಳ್ಳೆಯದು.

ಯಾವ ಪ್ರಾಣಿ ಮಾಡಬೇಕು? ಜರ್ಮನಿಯ ಗೀಂಗೆನ್ ಎಂಬ ಪುಟ್ಟ ಊರಿನ ಸ್ಟೈಫ್ ಆಟಿಕೆ ಕಂಪನಿ 1931ರಲ್ಲಿ ಉಣ್ಣೆ ಗೊಂಡೆಯ ಚಿಕ್ಕ ಚಿಕ್ಕ ಹಕ್ಕಿಗಳನ್ನು ಮಾರುಕಟ್ಟೆಗೆ ಬಿಟ್ಟಿತು. ತಂತಿಯ ಕಾಲು, ಮುಷ್ಟಿಯೊಳಗೆ ಅಡಗುವ ಮೈ. ಅವರು ತಮ್ಮ ತೋಟದ ಬೇಲಿಯ ಮೇಲೆ ಕೂರುವಂಥ ಹಕ್ಕಿಗಳನ್ನೇ ಮೊದಲು ಆರಿಸಿಕೊಂಡರು ಎನ್ನುವುದು ನನಗೆ ಹಿಡಿಸಿದ ಸಂಗತಿ. ನಮ್ಮ ಮಕ್ಕಳ ಕೈಗೆ ಮಾತ್ರ ಎಲ್ಲಿಯದೋ ಹಿಮದ ಕರಡಿ ಬರುತ್ತದೆ. ಕಾಳಿ ನದಿಯ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಮೊದಲ ಉಲ್ಲನ್ ಪ್ರಾಣಿ ಕೆಂದಳಿಲೇ ಆಗಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಕೆಂದಳಿಲನ್ನು ನೋಡಬೇಕೆಂದರೆ ಜೊಯಿಡಾದ ದಾರಿ ಹಿಡಿಯಬೇಕು. ದಾಂಡೇಲಿ ದಾಟಿ ಕುಳಗಿಯ ಕಡೆಗೋ, ಗಣೇಶಗುಡಿಯ ಕಡೆಗೋ ಹೊರಟರೆ ರಸ್ತೆಯ ಮೇಲೆ ಮರಗಳ ತಲೆ ಒಂದಕ್ಕೊಂದು ತಾಗಿಕೊಂಡಿರುತ್ತದೆ. 1956ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ಅಣಶಿಯೊಡನೆ ಸೇರಿ ಹುಲಿ ಮೀಸಲಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಕಾಡು ಇದು. ಹುಲಿ ಕಾಣುವುದು ಅಪರೂಪ. ಕೆಂದಳಿಲು ಹಾಗಲ್ಲ, ಮೊದಲು ಅದರ ಸದ್ದೇ ಕೇಳುತ್ತದೆ: ಕಟಕಟ ಎಂದು ಕೊಂಬೆಯಿಂದ ಬೀಳುವ ಬೈಗುಳ. ತಲೆಯೆತ್ತಿ ಹುಡುಕಿದರೆ ಎಲೆಗಳ ನಡುವೆ ಒಂದು ಬಾಲ ಇಳಿಬಿದ್ದಿರುತ್ತದೆ. ಮೈಗಿಂತ ಬಾಲವೇ ಉದ್ದ. ಹಿಂಗಾಲಲ್ಲಿ ಕೊಂಬೆ ಹಿಡಿದು, ತಲೆ ಕೆಳಗಾಗಿ ಜೋತು, ಮುಂಗಾಲೆರಡರಲ್ಲಿ ಹಣ್ಣು ಹಿಡಿದು ತಿನ್ನುವಾಗ ಆ ಬಾಲ ಅತ್ತಲಿಂದ ಭಾರ ಸರಿದೂಗಿಸುತ್ತದೆ. ಬೆನ್ನು ಕೆಂಗಂದು, ಹೊಟ್ಟೆ ಕೆನೆಬಣ್ಣ. ಒಂದು ಮರದಿಂದ ಇನ್ನೊಂದಕ್ಕೆ ಇಪ್ಪತ್ತಡಿ ದೂರವನ್ನೂ ಹಾರಿ ದಾಟಬಲ್ಲದು; ನೆಲಕ್ಕೆ ಇಳಿಯುವುದೇ ಕಡಿಮೆ. ಆದ್ದರಿಂದಲೇ ಮರದ ತಲೆಗಳು ಬೇರೆಯಾದ ಕಡೆ ಅದು ಉಳಿಯುವುದಿಲ್ಲ. ಮರಾಠಿಯಲ್ಲಿ ಇದು ಶೇಕರು, ಮಹಾರಾಷ್ಟ್ರದ ರಾಜ್ಯಪ್ರಾಣಿ. ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತವರಿಗೆ ಉಲ್ಲನ್ನಿನ ಯಾವ ಬಣ್ಣ ಕೇಳಬೇಕು ಎಂದು ಅಂಗಡಿಯಲ್ಲಿ ತಡವರಿಸಬೇಕಾಗಿಲ್ಲ.

ಆಷಾಢದ ಮಳೆ ಹಿಡಿದ ದಾಂಡೇಲಿಯ ಮನೆಯ ಪಡಸಾಲೆ. ಹೊರಗೆ ತಗಡಿನ ಮೇಲೆ ನೀರು ಒಂದೇ ಸಮ ಸುರಿಯುತ್ತಿದೆ. ಚಾಪೆಯ ಮೇಲೆ ಅತ್ತೆ, ಎದುರಿಗೆ ಎಂಟರ ಹುಡುಗಿ. ನಡುವೆ ಎರಡು ಉಲ್ಲನ್ ಉಂಡೆ, ದೊಡ್ಡ ಕತ್ತರಿ, ದಪ್ಪ ಸೂಜಿ, ಗಟ್ಟಿ ರಟ್ಟು. ರಟ್ಟಿಗೆ ಈ ಊರಿನಲ್ಲಿ ಬರವಿಲ್ಲ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸುತ್ತಲೇ ಬೆಳೆದ ಪೇಟೆಯಿದು. ಅತ್ತೆ ರಟ್ಟಿನ ಮೇಲೆ ಲೋಟ ಬೋರಲಿಟ್ಟು ಗೆರೆ ಎಳೆದು, ಏಳು ಸೆಂಟಿಮೀಟರ್ ಅಗಲದ ಎರಡು ಬಿಲ್ಲೆ ಕತ್ತರಿಸುತ್ತಾಳೆ. ಎರಡಕ್ಕೂ ನಡುವೆ ಎರಡೂವರೆ ಸೆಂಟಿಮೀಟರ್ ತೂತು. ಒಂದರ ಮೇಲೊಂದು ಜೋಡಿಸಿ ಹುಡುಗಿಯ ಕೈಗೆ ಕೊಡುತ್ತಾಳೆ.

"ಇನ್ನ ಸುತ್ತು. ಅರ್ಧಾ ಬಳಿಗೆ ಕೆಂಗಂದು, ಉಳಿದರ್ಧಕ್ಕ ಕೆನಿಬಣ್ಣ. ಸಡಿಲ ಬಿಡಬ್ಯಾಡ."

ತೂತಿನೊಳಗೆ ದಾರ ತೂರಿಸಿ, ಅಂಚು ಬಳಸಿ, ಮತ್ತೆ ತೂರಿಸಿ. ಮೊದಮೊದಲು ಉಂಡೆ ಸಲೀಸಾಗಿ ಒಳಗೆ ಹೋಗಿ ಬರುತ್ತದೆ. ಸುತ್ತು ಏರಿದಂತೆ ತೂತು ಕಿರಿದಾಗುತ್ತದೆ. ಉಂಡೆಯಿಂದ ಎರಡು ಮಾರು ದಾರ ಬಿಡಿಸಿ ಬೇರೆ ಮಾಡಿಕೊಳ್ಳಬೇಕಾಗುತ್ತದೆ. ಕೊನೆಗೆ ಸೂಜಿಗೆ ಪೋಣಿಸಿಯೇ ತೂರಿಸಬೇಕು. ಬೇಸರ ಬರುವುದು ಇಲ್ಲೇ. "ಸಾಕಲ್ಲ ಅತ್ತೆ?" ಎಂದು ಹುಡುಗಿ ಕೇಳುತ್ತಾಳೆ. ಅತ್ತೆ ತೂತಿಗೆ ಕಿರುಬೆರಳು ಒತ್ತಿ ನೋಡುತ್ತಾಳೆ. ಬೆರಳು ಹೋಗುತ್ತದೆ. ಸಾಲದು.

ಸೂಜಿಯೂ ತಿಣುಕಿ ಹೋಗುವಷ್ಟು ತುಂಬಿದ ಮೇಲೆ ಕತ್ತರಿ ಅತ್ತೆಯ ಕೈಗೆ ಬರುತ್ತದೆ. ಹೊರ ಅಂಚಿನಲ್ಲಿ ಎಳೆಗಳನ್ನು ಸರಿಸಿ, ಎರಡು ರಟ್ಟುಗಳ ನಡುವಿನ ಸಂದಿಗೆ ಕತ್ತರಿಯ ಮೊನೆ ಇಳಿಸಿ, ಬಳೆಯ ಸುತ್ತ ಕತ್ತರಿಸುತ್ತ ಬರುತ್ತಾಳೆ. ಚರಚರ ಎಂದು ಎಳೆಗಳು ಬಿಡಿಸಿಕೊಳ್ಳುತ್ತವೆ. ಇನ್ನೊಂದು ಕೈಯ ಬೆರಳುಗಳು ನಡುವನ್ನು ಅದುಮಿ ಹಿಡಿದಿರಬೇಕು. ಈ ಗಳಿಗೆಯಲ್ಲಿ ಎಳೆಗಳನ್ನು ಹಿಡಿದಿಟ್ಟದ್ದು ಆ ಬೆರಳುಗಳು ಮಾತ್ರ, ಬೇರೇನೂ ಇಲ್ಲ. ಎರಡು ರಟ್ಟುಗಳ ನಡುವೆ ಜೋಡೆಳೆಯ ನೈಲಾನ್ ದಾರ ಇಳಿಸಿ ಎರಡು ಸುತ್ತು ಹಾಕಿ ಜಗ್ಗಿ ಗಂಟು ಬಿಗಿಯುತ್ತಾಳೆ. ಬೆರಳ ಮೇಲೆ ದಾರದ ಕೆಂಪು ಗೆರೆ ಮೂಡುತ್ತದೆ. ಉಲ್ಲನ್ನಿನಿಂದಲೇ ಕಟ್ಟಿದರೆ ಅದು ಹಿಗ್ಗುತ್ತದೆ, ನಾಲ್ಕು ದಿನದಲ್ಲಿ ಪ್ರಾಣಿ ಎಳೆಯೆಳೆಯಾಗಿ ಉದುರುತ್ತದೆ. ಹಳಿಯಾಳದ ಅಂಗಡಿಯವನು ನೈಲಾನಿನ ಹೆಸರು ಹೇಳಿದ್ದು ಇದಕ್ಕೇ. ದಾರದ ತುದಿಗಳನ್ನು ಗೇಣುದ್ದ ಹಾಗೇ ಬಿಡಬೇಕು, ಮುಂದೆ ತಲೆ ಜೋಡಿಸಲು ಬೇಕು.

ರಟ್ಟು ಹರಿದು ತೆಗೆದೊಡನೆ ನಾಲ್ಕೂ ಕಡೆ ಎಳೆ ಸಿಡಿಯುತ್ತದೆ. ಒಂದೊಂದು ದಾರವೂ ಹೊಸೆದ ಮೂರು ನಾಲ್ಕು ಎಳೆಗಳದ್ದು; ತುದಿ ಕತ್ತರಿಸಿದ ಮೇಲೆ ಹೊಸೆತ ಬಿಚ್ಚಿಕೊಂಡು ಹತ್ತಾರು ಕೂದಲಾಗುತ್ತದೆ. ಗಂಟು ಬಿಗಿಯಾದಷ್ಟೂ ಎಳೆಗಳು ಒಂದನ್ನೊಂದು ಒತ್ತಿ ನೆಟ್ಟಗೆ ನಿಲ್ಲುತ್ತವೆ. ಗೊಂಡೆ ಗುಂಡಗಾಗುವುದು ಆ ಒತ್ತಡದಿಂದಲೇ. ಹುಡುಗಿ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಒಂದು ಮಗ್ಗುಲು ಕೆಂಗಂದು, ಒಂದು ಮಗ್ಗುಲು ಕೆನೆ. ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇದಿನ್ನೂ ಚೆಂಡು. ಚೆಂಡನ್ನು ಅಳಿಲಾಗಿಸುವುದು ಕತ್ತರಿ, ಮತ್ತು ಈ ಕೆಲಸದ ಜಾಣ್ಮೆಯೆಲ್ಲ ಇರುವುದು ಅಲ್ಲಿ. ಒಂದೇ ಕಡೆ ಹೆಚ್ಚು ಕತ್ತರಿಸದೆ, ಗೊಂಡೆಯನ್ನು ಬೆರಳಲ್ಲಿ ತಿರುಗಿಸುತ್ತ, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ತೆಗೆಯಬೇಕು. ಭುಜದ ಕಡೆ ಸಣ್ಣಗೆ, ಸೊಂಟದ ಕಡೆ ತುಂಬಿಕೊಂಡು ಮೊಟ್ಟೆಯ ಆಕಾರ ಬರಬೇಕು. ತಲೆಗೆ ಇನ್ನೊಂದು, ನಾಲ್ಕು ಸೆಂಟಿಮೀಟರಿನ ಬಿಲ್ಲೆಯ ಗೊಂಡೆ. ಮೂತಿಯ ಕಡೆ ಕೆನೆಬಣ್ಣ, ನೆತ್ತಿಗೆ ಕೆಂಗಂದು. ಉದುರಿದ ರೋಮವನ್ನೆಲ್ಲ ಗುಡಿಸಿ ಡಬ್ಬಿಗೆ ತುಂಬಿಡಿ, ಅಂಗಳಕ್ಕೆ ಎಸೆಯಬೇಡಿ. ಅಕ್ರಿಲಿಕ್ ಕೊಳೆಯುವುದಿಲ್ಲ, ಹಕ್ಕಿಗಳು ಗೂಡಿಗೆಂದು ಒಯ್ದರೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಣ್ಣಿಗೆ ಕರಿಮಣಿ. ಹಳೆಯ ಸರ ಬಿಚ್ಚಿ ಉಳಿದ ಕರಿಮಣಿ ಯಾವ ಮನೆಯ ಡಬ್ಬಿಯಲ್ಲಿಲ್ಲ? ಬೇಲಿಯ ಗುಲಗಂಜಿ ನೋಡಲು ಎಷ್ಟೇ ಚೆಂದವಿದ್ದರೂ ಬೇಡ. ತೂತು ಕೊರೆದ ಗುಲಗಂಜಿ ಕಡುವಿಷ, ಆಟಿಕೆಯನ್ನು ಮಕ್ಕಳು ಬಾಯಿಗಿಡುತ್ತಾರೆ. ತೀರ ಚಿಕ್ಕ ಮಗುವಿಗಾದರೆ ಮಣಿಯೂ ಬೇಡ, ಕಪ್ಪು ದಾರದ ಗಂಟೇ ಸಾಕು. ಕಣ್ಣು ಹೊಲಿಯುವುದರಲ್ಲೂ ಒಂದು ಕೀಲಿದೆ. ಮಣಿ ಪೋಣಿಸಿದ ದಾರವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿ, ಎರಡನೇ ಮಣಿ ಪೋಣಿಸಿ, ಹಿಂದಕ್ಕೆ ತಂದು ಜಗ್ಗಬೇಕು. ಮಣಿಗಳು ರೋಮದೊಳಗೆ ಇಳಿದು ಗುಳಿ ಬೀಳುತ್ತದೆ, ಮುಖ ಕಿರಿದಾಗಿ ಮೂತಿ ಮುಂದೆ ಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಉಲ್ಲನ್ ಈಗ ನಮ್ಮನ್ನು ನೋಡತೊಡಗುತ್ತದೆ. "ಅತ್ತೆ, ನೋಡಾಕತ್ತೈತಿ!" ಎಂದು ಹುಡುಗಿ ಕೂಗುವುದು ಆಗಲೇ.

ಬಾಲಕ್ಕೆ ಗೊಂಡೆಯ ವಿದ್ಯೆ ಒಗ್ಗುವುದಿಲ್ಲ. ತೆಳು ತಂತಿಯನ್ನು ನಡುವೆ ಮಡಿಸಿ, ಎರಡು ಎಳೆಗಳ ನಡುವೆ ಬೆರಳುದ್ದದ ಉಲ್ಲನ್ ತುಂಡುಗಳನ್ನು ಒತ್ತೊತ್ತಾಗಿ ಅಡ್ಡ ಜೋಡಿಸಿ, ತಂತಿಯ ಎರಡು ತುದಿ ಹಿಡಿದು ಹೊಸೆಯಬೇಕು. ತುಂಡುಗಳು ಸುತ್ತ ತಿರುಗಿ ನಿಲ್ಲುತ್ತವೆ. ಬುಡಕ್ಕೆ ಕೆಂಗಂದು ಹೆಚ್ಚು, ತುದಿಗೆ ಹೋಗುತ್ತ ಕೆನೆ ಬೆರೆಸಿದರೆ ಕಾಡಿನ ಬಾಲದ ಹದ ಬರುತ್ತದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದೆಳೆದು ಬಾಚಿದಾಗ ದಾರವೆಂಬ ಗುರುತೂ ಉಳಿಯದೆ ಮೋಡಗಟ್ಟುತ್ತದೆ. ಉದ್ದ ಮಾತ್ರ ಮೈಗಿಂತ ಹೆಚ್ಚಿರಲಿ. ಕುಳ್ಳ ಬಾಲ ಇಟ್ಟರೆ ಅದು ಅಂಗಳದ ಮೂರು ಗೆರೆಯ ಅಳಿಲೂ ಆಗುವುದಿಲ್ಲ, ಕಾಡಿನದೂ ಆಗುವುದಿಲ್ಲ. ತಂತಿಯ ಮೊನೆ ಹೊರಗೆ ಉಳಿಯದಂತೆ ಮಡಿಸಿ, ಮೈಯ ಗಂಟಿನವರೆಗೆ ತೂರಿಸಿ ಹೊಲಿಯಬೇಕು.

ಉಳಿದದ್ದು ಕಿವಿ. ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕವದಿ ಹೊಲಿಯುವಾಗ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲ ಇಡದೆ ಕವದಿ ಮುಗಿಯಿತು ಎನ್ನುವುದಿಲ್ಲ. ಬಳಕೆಗೆ ಅದರಿಂದ ಆಗಬೇಕಾದ್ದೇನಿಲ್ಲ, ಆದರೂ ಬೇಕು. ಕೆಂದಳಿಲಿನ ಕಿವಿಯ ಕುಚ್ಚೂ ಹಾಗೆಯೇ. ಒಂದೊಂದೇ ಎಳೆಯನ್ನು ಸೂಜಿಯಿಂದ ನೆತ್ತಿಯ ಎರಡು ಬದಿಗೆ ದಾಟಿಸಿ, ಕತ್ತರಿಸಿ, ಬೆರಳಲ್ಲಿ ಹೊಸೆದು ಚೂಪು ಮಾಡಿದಾಗಲೇ ಅತ್ತೆ ಸೂಜಿಯನ್ನು ಡಬ್ಬಿಗೆ ಚುಚ್ಚುತ್ತಾಳೆ.

ಹುಡುಗಿಗೆ ಆಗಲೇ ಮಂಗಟ್ಟೆ ಬೇಕು. ದಾಂಡೇಲಿಯಲ್ಲಿ ಅದನ್ನು ಕೇಳದ ಮಗುವಿಲ್ಲ. ಟಿಂಬರ್ ಡಿಪೋದ ಮರಗಳಿಗೇ ಬಂದು ಕೂರುವ ಹಕ್ಕಿ, 2011ರಲ್ಲಿ ಅದರ ಹೆಸರಿನಲ್ಲೇ ಇಲ್ಲೊಂದು ಸಂರಕ್ಷಿತ ಪ್ರದೇಶವೂ ಆಗಿದೆ. ಮೈಗೆ ಕಪ್ಪು, ಹೊಟ್ಟೆಗೆ ಬಿಳಿ, ಸುತ್ತುವ ಕ್ರಮ ಇದೇ. ಕೊಕ್ಕು, ಕೊಕ್ಕಿನ ಮೇಲಿನ ಶಿರಸ್ತ್ರಾಣ ಮಾತ್ರ ಉಲ್ಲನ್ನಿನಲ್ಲಿ ಬರುವುದಿಲ್ಲ.

"ಕೊಕ್ಕಿಗೆ ಏನ್ ಮಾಡೋದು ಅತ್ತೆ?"

"ಆ ಹರದ ರಟ್ಟು ಒಗೀಬ್ಯಾಡ, ಇತ್ತಾಗ ಕೊಡು. ನೀ ಕಪ್ಪು ಉಂಡಿ ಬಿಚ್ಚಕೋತ ಇರು."