ಕಾವೂರಿನ ಶೆಡ್ಡಿನಲ್ಲೊಂದು ಮೀಝಾನ್ ಪಾಠ

"ಉಸ್ತಾದ್, ಇವನಿಗೆ ಒಮ್ಮೆ ಬುದ್ಧಿ ಹೇಳಿ. ರಾತ್ರಿ ಹಗಲು ಆ ಕಾರಿನದ್ದೇ ಧ್ಯಾನ" ಎಂದು ಕಾವೂರಿನ ತಾಯಿಯೊಬ್ಬರು ನಮಗೆ ಹೇಳಿ ಕಳುಹಿಸಿದ್ದರು. ಹುಡುಗ ನಮ್ಮಲ್ಲೇ ಮದ್ರಸ ಕಲಿತವನು. ತಂದೆ ಗಲ್ಫಿನಲ್ಲಿ ದುಡಿದು ಕಳುಹಿಸಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರೊಂದನ್ನು ತೆಗೆದಿದ್ದಾನೆ. ಅಸರ್ ನಮಾಝ್ ಮುಗಿಸಿ ನಾವು ಹೋದಾಗ ಮನೆ ಪಕ್ಕದ ಶೆಡ್ಡಿನಲ್ಲಿ ಬಾನೆಟ್ ತೆರೆದಿತ್ತು, ಸೀಟಿನ ಮೇಲೆ ಲ್ಯಾಪ್‌ಟಾಪ್ ಇತ್ತು.

"ಎಂತ ಮೋನೆ ಇದು?"

"ಗಾಡಿಗೆ ಪಿಕಪ್ ಇಲ್ಲ ಉಸ್ತಾದ್. ಒಬ್ಬರು ಕಂಪ್ಯೂಟರಿನಲ್ಲಿ ಹೊಸ ಫೈಲ್ ಹಾಕಿ ಕೊಡ್ತೇನೆ ಅಂದಿದ್ದಾರೆ, ಪವರ್ ಜಾಸ್ತಿ ಆಗ್ತದಂತೆ. ಆದರೆ ಅದು ಎಂತ ಅಂತ ನನಗೆ ಮೊದಲು ಗೊತ್ತಾಗ್ಬೇಕು."

ಈ ಮಾತು ನಮಗೆ ಹಿಡಿಸಿತು. ಬುದ್ಧಿ ಹೇಳಲು ಹೋದವರು ಮಗ್ರಿಬ್ ಬಾಂಗ್ ತನಕ ಕೇಳುತ್ತಾ ಕುಳಿತೆವು.

ವಿಷಯ ಇಷ್ಟು. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಸೈಲೆನ್ಸರಿನತ್ತ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗಾಳಿ ಹೆಚ್ಚು ತುಂಬಿದಷ್ಟು ಪೆಟ್ರೋಲೂ ಹೆಚ್ಚು ಬೇಕು. ಎಷ್ಟು ಗಾಳಿ ಬಂತೆಂದು ಅಳೆದು, ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆಯಬೇಕೆಂದು ಕಾರಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಟರ್ಬೊ ಜೋರಾಗಿ ಒತ್ತುವಾಗ ಹೆಚ್ಚಿನ ಎಂಜಿನ್‌ಗಳಲ್ಲಿ 12ಕ್ಕೆ 1ರ ಆಸುಪಾಸಿಗೆ ಬರುವಂತೆ ಪೆಟ್ರೋಲನ್ನು ಬೇಕೆಂದೇ ಹೆಚ್ಚು ಕೊಡುತ್ತಾರೆ. ಒಳಗಿನ ಬಿಸಿ ಇಳಿಯಲಿ ಎಂದು. ಆ ಹೊತ್ತಿಗೆ ಪೆಟ್ರೋಲ್ ಕಮ್ಮಿಯಾದರೆ ಬಿಸಿ ಏರಿ, ಮಿಶ್ರಣ ತನ್ನಷ್ಟಕ್ಕೆ ಸಿಡಿದು ಪಿಸ್ಟನ್ನೇ ಕರಗಬಹುದು. ಹಾಗಂತ ಮಿತಿ ಮೀರಿ ಸುರಿದರೂ ಕಷ್ಟ. ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಹೋಗುತ್ತದೆ, ಹೊಗೆ ಶುದ್ಧ ಮಾಡುವ ಕನ್ವರ್ಟರ್ ಸುಟ್ಟು ಹೋಗುತ್ತದೆ.

ಹುಡುಗ ಫೈಲ್ ಹಾಕಿಸಲಿಲ್ಲ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಣ್ಣ ರೀಡರ್ ಸಿಕ್ಕಿಸಿ, ಬರುವ ಅಂಕಿಗಳನ್ನು ವಾರಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟ. ಅದರಲ್ಲಿ 'ಫ್ಯೂಯೆಲ್ ಟ್ರಿಮ್' ಎಂಬ ಒಂದು ಲೆಕ್ಕ ಉಂಟು. ಮೊದಲೇ ನಿಗದಿಯಾದ ಪೆಟ್ರೋಲಿಗಿಂತ ಶೇಕಡಾ ಎಷ್ಟು ಕೂಡಿಸಬೇಕಾಯಿತು, ಎಷ್ಟು ಕಳೆಯಬೇಕಾಯಿತು ಎಂದು ಅದು ಹೇಳುತ್ತದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ಇವನ ಕಾರಿನಲ್ಲಿ 18 ಕೂಡುತ್ತಿತ್ತು. ಅಂದರೆ ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಗ್ಯಾರೇಜಿನಲ್ಲಿ ಹೊಗೆ ಬಿಟ್ಟು ನೋಡಿದರೆ, ಗಾಳಿ ಅಳೆಯುವ ಮೀಟರಿಗೂ ಟರ್ಬೊಗೂ ನಡುವಿನ ರಬ್ಬರ್ ಪೈಪಿನಲ್ಲಿ ಬಿರುಕು! ಪೈಪ್ ಬದಲಿಸಿದ ಮೇಲೆ ಅಂಕಿ 3ಕ್ಕೆ ಇಳಿಯಿತು, ಪಿಕಪ್ ತಾನಾಗಿ ಬಂತು. ಬಿರುಕು ಹಾಗೇ ಇದ್ದು, ಟರ್ಬೊವನ್ನು ಇನ್ನಷ್ಟು ಒತ್ತುವ ಫೈಲ್ ಹಾಕಿಸಿದ್ದರೆ? ತಂದೆಯ ವರ್ಷಗಳ ಬೆವರು ಒಂದು ಸಂಜೆ ಹೈವೇಯಲ್ಲಿ ಮುಗಿಯುತ್ತಿತ್ತು.

ಸೂರಾ ಅರ್‍ರಹ್ಮಾನ್‌ನಲ್ಲಿ ಬರುವ ಮೀಝಾನ್, ಸೂರಾ ಮುತಫ್ಫಿಫೀನ್‌ನಲ್ಲಿ ಬರುವ ಅಳತೆಯ ಮೋಸ, ಇವನ್ನು ಕಲಿಸುವಾಗ ನಾವು ಮಕ್ಕಳಿಗೆ ಅಂಗಡಿಯ ತಕ್ಕಡಿಯನ್ನೇ ತೋರಿಸುತ್ತಾ ಬಂದವರು. ಇನ್ನು ಮುಂದೆ ಈ ಪೈಪಿನ ಕಥೆಯನ್ನೂ ಹೇಳಬೇಕು. ಕೈಕೆಲಸ ನಮಗೆ ಹೊಸತೂ ಅಲ್ಲ. ತಿರುಗುವ ಚಲನೆಯನ್ನು ಹಿಂದೆ ಮುಂದೆ ಓಡುವ ಚಲನೆಯಾಗಿ ಬದಲಿಸುವ ಪಂಪನ್ನು ಅಲ್ ಜಝರಿ 1206ರಲ್ಲಿ ಮುಗಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಆದರೆ ಯುವಕರಿಗೆ ಒಂದೆರಡು ಮಾತು ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬದಲಿಸಿದ ಗಾಡಿಗೆ ವಾರಂಟಿ ಹೋಗಬಹುದು, ಅಪಘಾತವಾದಾಗ ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು. ಮಳೆ ಅಂತ ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಸ್ಟಾರ್ಟ್ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ಹೋಗುವುದು ಗೊತ್ತೇ ಆಗುವುದಿಲ್ಲ. ಅಂಕಿ ನೋಡಲು ಗಾಡಿ ಓಡಿಸುವಾಗ ಲ್ಯಾಪ್‌ಟಾಪ್ ನೋಡುವವನು ಬೇರೆ, ಸ್ಟಿಯರಿಂಗ್ ಹಿಡಿಯುವವನು ಬೇರೆ ಇರಲಿ. ಏರ್‌ಪೋರ್ಟ್ ರಸ್ತೆ ನಮ್ಮೊಬ್ಬರದ್ದಲ್ಲ, ಅದರಲ್ಲಿ ಶಾಲೆಯ ಮಕ್ಕಳೂ ನಡೆಯುತ್ತಾರೆ.

ಹೆತ್ತವರಿಗೂ ಒಂದು ಮಾತು. ಮಗ ಬಾನೆಟ್ ತೆರೆದ ಕೂಡಲೇ ಹಾಳಾದ ಎನ್ನಬೇಡಿ. ಅವನು ಓಡಿಸುವ ಹುಚ್ಚಿನವನೋ, ಕಲಿಯುವ ಹುಚ್ಚಿನವನೋ ಎಂದು ಮೊದಲು ಹತ್ತಿರ ಕೂತು ನೋಡಿ. ಕಲಿಯುವವನಾದರೆ ದೂರ ಹೋಗಬೇಕಾಗಿಲ್ಲ. ಕದ್ರಿಯ ಕೆಪಿಟಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಉಂಟು, ಸರಕಾರಿ ಐಟಿಐಯೂ ಅಲ್ಲೇ ಉಂಟು. ಗಲ್ಫಿಗೆ ಹೋಗುವುದಾದರೂ ಕೈಯಲ್ಲಿ ವಿದ್ಯೆ ಇದ್ದು ಹೋಗುವುದು ಬೇರೆ, ಬರಿಗೈಯಲ್ಲಿ ಹೋಗುವುದು ಬೇರೆ.

ಹೊರಡುವಾಗ ಆ ತಾಯಿ, "ಬುದ್ಧಿ ಹೇಳಿದಿರಾ ಉಸ್ತಾದ್?" ಎಂದು ಕೇಳಿದರು. "ಅವನ ಪುಸ್ತಕ ನೋಡಿದೆವು, ಲೆಕ್ಕ ಸರಿ ಉಂಟು" ಎಂದೆವು. ನಮ್ಮ ಮಕ್ಕಳ ಇಲ್ಮಿನಲ್ಲಿ ಅಲ್ಲಾಹನು ಬರ್ಕತ್ ನೀಡಲಿ, ಆಮೀನ್.