ರಾಗಿ–ಭತ್ತದ ವ್ಯಾಜ್ಯ, ರಾಮನ ತೀರ್ಪು

ಕಾಗಿನೆಲೆ ಎಂದರೆ ಆದಿಕೇಶವ, ಆದಿಕೇಶವ ಎಂದರೆ ಕನಕದಾಸರು. ಅವರ ಕೀರ್ತನೆಗಳು ಜನರ ಬಾಯಲ್ಲಿವೆ. ಅವರೇ ಒಂದು ಕೋರ್ಟು ಕಥೆಯನ್ನೂ ಬರೆದಿದ್ದಾರೆ: ಭಾಮಿನಿ ಷಟ್ಪದಿಯ ‘ರಾಮಧಾನ್ಯ ಚರಿತೆ’.

ವ್ಯಾಜ್ಯ ಭತ್ತಕ್ಕೂ ರಾಗಿಗೂ. ಲಂಕೆಯಿಂದ ಮರಳುವ ದಾರಿಯಲ್ಲಿ ರಾಮನ ಎದುರು ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಬರುತ್ತದೆ. ಗೌತಮ ಮುನಿ ನರೆದಲೆಗನ, ಅಂದರೆ ರಾಗಿಯ ಪರ ನಿಲ್ಲುತ್ತಾನೆ. ಭತ್ತ ಕೆರಳಿ ತನ್ನ ಕುಲದ ಹಿರಿಮೆ ಹೇಳಿಕೊಳ್ಳುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವವರು ಯಾರೆಂದು ರಾಗಿ ತಿರುಗಿ ಕೇಳುತ್ತದೆ. ರಾಮ ಶಾಸ್ತ್ರದ ಓಲೆ ಬಿಚ್ಚಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಭತ್ತ ಸೊರಗಿದೆ, ರಾಗಿ ಇದ್ದ ಹಾಗೇ ಇದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ರಾಗಿಗೆ ಸುಲಭವಾಗಿ ಹುಳ ಬೀಳದೆಂದು ಬಲ್ಲ ರೈತನಿಗೆ ಈ ತೀರ್ಪು ಅಚ್ಚರಿಯೇನಲ್ಲ.

ತೀರ್ಪಿಗೆ ಆಧಾರ ಯಾವುದು, ಅರಸನ ಕಟ್ಟಳೆ ದೊಡ್ಡದೋ ದೇವರ ನಿಯಮ ದೊಡ್ಡದೋ ಎಂಬುದು ತತ್ತ್ವಶಾಸ್ತ್ರದ ಹಳೆಯ ಜಗಳ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಆಂಟಿಗೊನೆ ರಾಜಾಜ್ಞೆ ಮೀರಿ ಅಣ್ಣನ ಶವಕ್ಕೆ ಮಣ್ಣು ಹಾಕಿದಳು. 13ನೇ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್, ನಿಸರ್ಗ ನಿಯಮಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲ, ಅದರ ವಿಕಾರ ಎಂದ.

ತೊಡಕಿರುವುದು ಬೇರೆ ಕಡೆ. ದೇವರ ಪರವಾಗಿ ವಕಾಲತ್ತು ವಹಿಸುವವರು ಯಾರು? ಜಾತಿಯ ಮೇಲುಕೀಳು ದೈವನಿಯಮವೇ ಎಂದವರಿಗೂ ಶಾಸ್ತ್ರದ ಆಧಾರವಿತ್ತು. ಕನಕದಾಸರು ಅದಕ್ಕೆ ಇನ್ನೊಂದು ಶಾಸ್ತ್ರವನ್ನು ಎದುರಿಡಲಿಲ್ಲ. ಹುಟ್ಟಿನ ಮಾತು ಬಿಡಿ, ಕಾಳನ್ನು ಪರೀಕ್ಷಿಸಿ ಎಂದರು. ಇದು ಅಕ್ವಿನಾಸ್‌ನ ವಾದಕ್ಕಿಂತ ಗಟ್ಟಿ.

ಕಾಗಿನೆಲೆ ಇರುವ ಬ್ಯಾಡಗಿ ತಾಲ್ಲೂಕಿನದೇ ಆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದರು. ಕಡಲು ಕೊಟ್ಟ ಉಪ್ಪನ್ನು ಮುಟ್ಟಿದರೆ ಅಪರಾಧ ಎನ್ನುವ ಸರ್ಕಾರಿ ಕಾನೂನನ್ನು ಮುರಿಯುವ ನಡಿಗೆ ಅದು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು.

ಹಾಗೆಂದು ಮನುಷ್ಯ ಮಾಡಿದ ಕಾನೂನೆಲ್ಲ ಕೆಟ್ಟದ್ದಲ್ಲ. ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು ಸಂವಿಧಾನದ 17ನೇ ವಿಧಿ, ಅದನ್ನು ಆಚರಿಸಿದವರಿಗೆ ಶಿಕ್ಷೆ ಗೊತ್ತುಮಾಡಿದ್ದು 1955ರ ಕಾಯ್ದೆ. ಹುಟ್ಟಿನ ಮಾತು ಬಿಡಿ ಎಂದ ಕನಕದಾಸರು ಬದುಕಿದ್ದು 16ನೇ ಶತಮಾನದಲ್ಲಿ; ಕಾನೂನು ಅಲ್ಲಿಗೆ ತಲುಪಲು ಇಷ್ಟು ಕಾಲ ಬೇಕಾಯಿತು.