ಹತ್ತು ಸಾವಿರ ವ್ಯಾಟ್ ಎಂದರೆ ನಿಜವಾಗಿ ಎಷ್ಟು? ಕಡಿಮೆ ಬೆಲೆಗೆ ಹೋಂ ಥಿಯೇಟರ್ ರಿಸೀವರ್ ಕೊಳ್ಳುವವರಿಗೆ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಕೈವಾರದ ಕಡೆಯ ಮನೆಯೊಂದಕ್ಕೆ ದೊಡ್ಡ ಟಿವಿ ಬರುತ್ತದೆ ಎಂದುಕೊಳ್ಳಿ. ಚಿತ್ರವೇನೋ ಅಗಲವಾಗಿದೆ, ಆದರೆ ಮಾತು ಸರಿಯಾಗಿ ಕೇಳುವುದಿಲ್ಲ. ಹಾಡು ಜೋರು, ಸಂಭಾಷಣೆ ಗೊಣಗಾಟ. ಮನೆಯ ಹಿರಿಯರು "ಏನಂದ ಅವನು?" ಎಂದು ಪದೇ ಪದೇ ಕೇಳುತ್ತಾರೆ. ಆಗ ಹೊಳೆಯುವುದು ಹೋಂ ಥಿಯೇಟರ್. ಚಿಂತಾಮಣಿಯ ಅಂಗಡಿಗೆ ಹೋದರೆ ಎದುರಿಗೆ ಡಬ್ಬಗಳ ಸಾಲು. ಒಂದರ ಮೇಲೆ 5,000 ವ್ಯಾಟ್, ಇನ್ನೊಂದರ ಮೇಲೆ 10,000 ವ್ಯಾಟ್. ಅದೇ ಸಾಲಿನಲ್ಲಿ ಮೂರ್ನಾಲ್ಕು ಪಟ್ಟು ಬೆಲೆಯ ಒಂದು ಕಪ್ಪು ಪೆಟ್ಟಿಗೆ, ಅದರ ಮೇಲೆ ಬರೀ 70 ವ್ಯಾಟ್!

ದುಬಾರಿಯದ್ದರಲ್ಲಿ ವ್ಯಾಟ್ ಯಾಕೆ ಇಷ್ಟು ಕಡಿಮೆ? ಅಂಗಡಿಯವರು ಮೋಸ ಮಾಡುತ್ತಿದ್ದಾರೆಯೇ? ಇದಕ್ಕೆ ಉತ್ತರ ಗೊತ್ತಿದ್ದರೆ ಕಷ್ಟಪಟ್ಟು ದುಡಿದ ಹಣ ಉಳಿಯುತ್ತದೆ.

ರಿಸೀವರ್ ಏನು ಮಾಡುತ್ತದೆ?

ಹೋಂ ಥಿಯೇಟರ್ ರಿಸೀವರ್ ಅಂದರೆ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುವ ಪೆಟ್ಟಿಗೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್ ಮುಂತಾದವುಗಳಿಂದ ಬರುವ ಧ್ವನಿಯನ್ನು ಪಡೆಯುವುದು ಮೊದಲನೆಯದು. ಡಾಲ್ಬಿ ಅಥವಾ ಡಿಟಿಎಸ್ ರೂಪದಲ್ಲಿ ಅಡಕವಾಗಿರುವ ಆ ಧ್ವನಿಯನ್ನು ಬಿಡಿಸಿ, ಎಡ, ಬಲ, ಮಧ್ಯ, ಹಿಂದೆ ಎಂದು ಬೇರೆ ಬೇರೆ ಸ್ಪೀಕರ್‌ಗಳಿಗೆ ಹಂಚುವುದು ಎರಡನೆಯದು. ಸ್ಪೀಕರ್ ನುಡಿಸುವಷ್ಟು ಶಕ್ತಿ ಕೊಡುವುದು ಮೂರನೆಯದು.

5.1 ಎಂಬ ಸಂಖ್ಯೆಯ ಅರ್ಥವೂ ಇದೇ: ಸುತ್ತಲಿನ ಐದು ಸ್ಪೀಕರ್, ಜೊತೆಗೆ ಗುಡುಗು-ಡೋಲಿನಂತಹ ತಗ್ಗು ಸ್ವರಗಳಿಗೆ ಒಂದು ಸಬ್‌ವೂಫರ್. ಸಿನಿಮಾದ ಮಾತುಗಳಲ್ಲಿ ಬಹುಪಾಲು ಬರುವುದು ಮಧ್ಯದ ಸ್ಪೀಕರ್‌ನಿಂದ. ತೆಳ್ಳನೆಯ ಟಿವಿಯಲ್ಲಿ ಈ ಐದೂ ಧ್ವನಿಗಳು ಎರಡು ಪುಟಾಣಿ ಸ್ಪೀಕರ್‌ಗಳಲ್ಲಿ ಕಲಸಿಹೋಗುತ್ತವೆ. ಮಾತು ಗೊಣಗಾಟದಂತೆ ಕೇಳುವುದು ಅದಕ್ಕೇ.

ಪಿಎಂಪಿಒ ಎಂಬ ಮಾಯೆ

ಹತ್ತು ಸಾವಿರ ವ್ಯಾಟ್ ಎಂದು ಬರೆದ ಡಬ್ಬವನ್ನು ಹತ್ತಿರದಿಂದ ನೋಡಿ. ಆ ಸಂಖ್ಯೆಯ ಪಕ್ಕದಲ್ಲಿ ಸಣ್ಣದಾಗಿ ಪಿಎಂಪಿಒ ಎಂದಿರುತ್ತದೆ. ಇದನ್ನು ಅಳೆಯಲು ಎಲ್ಲರೂ ಒಪ್ಪಿದ ಯಾವ ವಿಧಾನವೂ ಇಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬರಬಹುದಾದ ಶಕ್ತಿಯನ್ನು ಊಹಿಸಿ, ಎಲ್ಲ ಸ್ಪೀಕರ್‌ಗಳದ್ದನ್ನೂ ಕೂಡಿಸಿ ಬರೆದ ಸಂಖ್ಯೆ ಅದು. ತಯಾರಕರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು.

ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ಇದನ್ನು ಪರೀಕ್ಷಿಸಬಹುದು. ನಮ್ಮ ಮನೆಯ ವಿದ್ಯುತ್ 230 ವೋಲ್ಟ್. ಟಿವಿ ಹಾಕುವ ಸಾಮಾನ್ಯ ಸಾಕೆಟ್ 6 ಆಂಪಿಯರ್‌ನದು. ಎರಡನ್ನೂ ಗುಣಿಸಿದರೆ 1,380 ವ್ಯಾಟ್. ಆ ಸಾಕೆಟ್ ಕೊಡಬಲ್ಲದ್ದು ಅಷ್ಟೇ. ಹತ್ತು ಸಾವಿರ ವ್ಯಾಟ್ ಬೇಕಾದರೆ 43 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಅದಕ್ಕೆ ಮೊದಲೇ ಮನೆಯ ಫ್ಯೂಸ್ ಹೋಗುತ್ತದೆ.

ಇನ್ನೂ ಸುಲಭದ ದಾರಿ ಪೆಟ್ಟಿಗೆಯ ಹಿಂಬದಿಯಲ್ಲಿದೆ. ಅಲ್ಲಿ ಅದು ಬಳಸುವ ವಿದ್ಯುತ್ ಎಷ್ಟೆಂದು ಅಂಟಿಸಿರುತ್ತಾರೆ. 60 ವ್ಯಾಟ್ ಬಳಸುವ ಪೆಟ್ಟಿಗೆ ಹಾಡಿನುದ್ದಕ್ಕೂ 60 ವ್ಯಾಟ್‌ಗಿಂತ ಹೆಚ್ಚು ಧ್ವನಿಶಕ್ತಿ ಕೊಡಲಾರದು. ಒಳಗಿನ ಕೆಪಾಸಿಟರ್‌ಗಳು ಕ್ಷಣಕಾಲ ಹೆಚ್ಚು ಕೊಡಬಹುದು, ಅಷ್ಟೇ. ಒಂದಷ್ಟು ಶಕ್ತಿ ಬಿಸಿಯಾಗಿ ವ್ಯರ್ಥವಾಗುವುದರಿಂದ ಸ್ಪೀಕರ್‌ಗೆ ತಲುಪುವುದು ಇನ್ನೂ ಕಡಿಮೆ.

ಆರ್‌ಎಂಎಸ್ ಅಂದರೆ ಸಾಕೇ?

"ಪಿಎಂಪಿಒ ನೋಡಬೇಡಿ, ಆರ್‌ಎಂಎಸ್ ನೋಡಿ" ಎಂಬ ಸಲಹೆ ಕೇಳಿರುತ್ತೀರಿ. ಸಲಹೆ ಸರಿ, ಆದರೆ ಪೂರ್ತಿಯಲ್ಲ. ಒಂದೇ ರಿಸೀವರ್ ಅನ್ನು 70 ವ್ಯಾಟ್ ಎಂದೂ 140 ವ್ಯಾಟ್ ಎಂದೂ ಬರೆಯಬಹುದು, ಎರಡೂ ಸುಳ್ಳಾಗುವುದಿಲ್ಲ! ಒಂದೇ ಚಾನೆಲ್ ನುಡಿಸಿ, ಒಂದೇ ಸ್ವರದಲ್ಲಿ ಅಳೆದು, ಧ್ವನಿ ಶೇ. 10ರಷ್ಟು ಕೆಟ್ಟರೂ ಪರವಾಗಿಲ್ಲ ಎಂದರೆ ದೊಡ್ಡ ಸಂಖ್ಯೆ ಸಿಗುತ್ತದೆ. ಎರಡು ಚಾನೆಲ್‌ಗಳನ್ನು ಒಟ್ಟಿಗೆ ನುಡಿಸಿ, 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಎಲ್ಲ ಸ್ವರಗಳಲ್ಲೂ ಧ್ವನಿ ಶುದ್ಧವಾಗಿರಬೇಕು ಎಂದರೆ ಸಂಖ್ಯೆ ಇಳಿಯುತ್ತದೆ. ಎರಡು ಮಾಡೆಲ್‌ಗಳನ್ನು ಹೋಲಿಸುವಾಗ ಈ ಎರಡನೆಯ ಸಂಖ್ಯೆಯನ್ನೇ ಹೋಲಿಸಿ.

ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್‌ಗಳ ವ್ಯಾಟ್ ಅನ್ನು ಹೇಗೆ ಅಳೆದು ಹೇಳಬೇಕೆಂದು 1974ರಲ್ಲೇ ನಿಯಮ ತಂದಿತು. 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು.

ಮನೆಗೆ ಎಷ್ಟು ವ್ಯಾಟ್ ಬೇಕು?

ವ್ಯಾಟ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸ್ವಲ್ಪ ವ್ಯತ್ಯಾಸ ಅಷ್ಟೇ. ಸದ್ದು ಎರಡು ಪಟ್ಟಾದಂತೆ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 70 ವ್ಯಾಟ್‌ನ ರಿಸೀವರ್ ಬಿಟ್ಟು 90 ವ್ಯಾಟ್‌ನದ್ದಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟರೆ ಸದ್ದಿನಲ್ಲಿ ಗೊತ್ತಾಗುವಂಥ ಲಾಭವಿಲ್ಲ.

ಸ್ಪೀಕರ್‌ನ ವಿವರಗಳಲ್ಲಿ ಸೆನ್ಸಿಟಿವಿಟಿ ಎಂಬ ಸಂಖ್ಯೆ ಇರುತ್ತದೆ. 87 ಡೆಸಿಬೆಲ್ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ನಾವು ಮೂರು ಮೀಟರ್ ದೂರ ಕೂತರೆ ಅದು 80 ಡೆಸಿಬೆಲ್ ಆಸುಪಾಸಿಗೆ ಇಳಿಯುತ್ತದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಅಂದರೆ ಒಂದೇ ಒಂದು ವ್ಯಾಟ್‌ಗೆ ಮಾತಿಗಿಂತ ಬಹಳ ಜೋರಾದ ಸದ್ದು! 10 ವ್ಯಾಟ್‌ಗೆ 90, 100 ವ್ಯಾಟ್‌ಗೆ 100 ಡೆಸಿಬೆಲ್. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವದಂತೆ ದೊಡ್ಡ ಜನಸಮೂಹಕ್ಕೆ ಹಾಡು ಕೇಳಿಸಬೇಕಾದರೆ ಸಾವಿರಾರು ವ್ಯಾಟ್ ಬೇಕಾದೀತು, ಹಾಲ್‌ನಲ್ಲಿ ಕೂತ ಐದು ಜನರಿಗಲ್ಲ.

ಕಿವಿಯ ಆರೋಗ್ಯವೂ ನೆನಪಿರಲಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಕೆಲಸದ ಜಾಗಗಳಿಗೆ ಹೇಳುವ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧವಾಗುತ್ತದೆ.

ನಿಮಗೆ ರಿಸೀವರ್ ಬೇಕೇ ಬೇಕೇ?

ಮನೆಯಲ್ಲಿ ಹೆಚ್ಚಾಗಿ ನೋಡುವುದು ಧಾರಾವಾಹಿ, ಸುದ್ದಿ, ಯೂಟ್ಯೂಬ್ ಆದರೆ ಅಲ್ಲಿನ ಧ್ವನಿ ಬಹುತೇಕ ಎರಡೇ ಚಾನೆಲ್‌ನದ್ದು. ಐದು ಸ್ಪೀಕರ್ ಇಟ್ಟರೂ ಹಿಂದಿನ ಎರಡಕ್ಕೆ ಹೆಚ್ಚು ಕೆಲಸವಿಲ್ಲ. ಎರಡು ಒಳ್ಳೆಯ ಸ್ಪೀಕರ್‌ಗಳೂ ಒಂದು ಸಾಧಾರಣ ಸ್ಟೀರಿಯೋ ಆಂಪ್ಲಿಫೈಯರೂ ಸಾಕು. ಒಟಿಟಿಯಲ್ಲಿ ಕನ್ನಡ, ತೆಲುಗು ಸಿನಿಮಾಗಳನ್ನು ವಾರವಾರ ನೋಡುವ ಮನೆಯಾದರೆ ರಿಸೀವರ್‌ಗೆ ಕೊಟ್ಟ ಹಣಕ್ಕೆ ಬೆಲೆ ಸಿಗುತ್ತದೆ.

ಡಬ್ಬದಲ್ಲೇ ಸ್ಪೀಕರ್ ಸಮೇತ ಬರುವ ಸೆಟ್‌ಗಿಂತ ಬಿಡಿ ರಿಸೀವರ್‌ನಲ್ಲಿ ಇನ್ನೊಂದು ಅನುಕೂಲವಿದೆ. ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಈ ಬೆಳೆಗೆ ರಿಸೀವರ್ ಮತ್ತು ಎರಡು ಸ್ಪೀಕರ್, ಮುಂದಿನದಕ್ಕೆ ಮಧ್ಯದ್ದು, ಆಮೇಲೆ ಸಬ್‌ವೂಫರ್ ಎಂದು ಬೆಳೆಸುತ್ತಾ ಹೋಗಬಹುದು. ಇಲ್ಲದ ಸ್ಪೀಕರ್‌ಗಳ ಧ್ವನಿಯನ್ನು ಇರುವವಕ್ಕೆ ಹಂಚುವುದು ರಿಸೀವರ್‌ಗೆ ಗೊತ್ತು. ಸೆಟ್‌ನಲ್ಲಿ ಒಂದು ಭಾಗ ಕೆಟ್ಟರೆ, ಅದರದ್ದೇ ಪಿನ್ ಇರುವ ಬಿಡಿಭಾಗ ಹುಡುಕಬೇಕಾಗುತ್ತದೆ.

ಹಣ ಉಳಿಸುವ ಜಾಗಗಳು

ಮೊದಲನೆಯದು, ಎಚ್‌ಡಿಎಂಐ. ಸೆಟ್‌ಟಾಪ್ ಬಾಕ್ಸ್ ಮುಂತಾದವನ್ನೆಲ್ಲ ನೇರವಾಗಿ ಟಿವಿಗೆ ಜೋಡಿಸಿದರೆ ರಿಸೀವರ್‌ಗೆ ಹೋಗಬೇಕಾದದ್ದು ಧ್ವನಿ ಮಾತ್ರ. ಅದಕ್ಕೆ 2009ರಿಂದ ಇರುವ ಎಆರ್‌ಸಿ ಎಂಬ ಸೌಲಭ್ಯ ಸಾಕು. ಟಿವಿ, ರಿಸೀವರ್ ಎರಡರಲ್ಲೂ ಆ ಹೆಸರು ಬರೆದ ಕಿಂಡಿಗೆ ಕೇಬಲ್ ಹಾಕಬೇಕು. ಒಟಿಟಿಯ ಡಾಲ್ಬಿ ಧ್ವನಿ ಇದರಲ್ಲಿ ಬರುತ್ತದೆ. ಹೊಸ ಇಎಆರ್‌ಸಿ ಮುಖ್ಯವಾಗಿ ಬೇಕಾಗುವುದು ಬ್ಲೂ-ರೇ ಡಿಸ್ಕಿನ ಸಂಪೂರ್ಣ ಗುಣಮಟ್ಟದ ಧ್ವನಿಯನ್ನು ಟಿವಿಯ ಮೂಲಕ ತರಬೇಕಾದಾಗ. 8ಕೆ ಚಿತ್ರ ಹಾಯುವ ದುಬಾರಿ ರಿಸೀವರ್ ಹೆಚ್ಚಿನವರಿಗೆ ಬೇಡವೇ ಬೇಡ.

ಎರಡನೆಯದು, ಹಳೆಯ ರಿಸೀವರ್. 4ಕೆ ಬಾರದ ಹಳೆಯ ಮಾಡೆಲ್ ಒಳ್ಳೆಯ ಸ್ಥಿತಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ. ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿದರೆ 5.1 ಧ್ವನಿ ಬರುತ್ತದೆ. ಆದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಪಿಸಿಎಂ ಬದಲು ಡಾಲ್ಬಿ ಡಿಜಿಟಲ್ ಆಯ್ಕೆ ಮಾಡಬೇಕು. ಆಪ್ಟಿಕಲ್‌ನಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಡಾಲ್ಬಿ ಅಟ್ಮಾಸ್ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ. ಹಳೆಯದನ್ನು ಕೊಳ್ಳುವ ಮುನ್ನ ಎಲ್ಲ ಚಾನೆಲ್‌ಗಳಿಗೂ ಒಂದೊಂದಾಗಿ ಸ್ಪೀಕರ್ ಹಾಕಿ ಕೇಳಿ, ಅರ್ಧ ಗಂಟೆ ಓಡಿಸಿ ನೋಡಿ.

ಮೂರನೆಯದು, ವೈರ್. ಚಿನ್ನದ ಲೇಪದ ದುಬಾರಿ ಸ್ಪೀಕರ್ ವೈರ್ ಬೇಕಿಲ್ಲ. 1.5 ಚದರ ಮಿಲಿಮೀಟರ್‌ನ, ಹಲವು ಎಳೆಗಳಿರುವ ಸಾಮಾನ್ಯ ತಾಮ್ರದ ವೈರ್ ಹತ್ತು ಮೀಟರ್ ದೂರಕ್ಕೆ ಹೋಗಿ ಬಂದರೂ ಅದರ ತಡೆ ಕಾಲು ಓಮ್‌ನಷ್ಟು. 8 ಓಮ್ ಸ್ಪೀಕರ್‌ನ ಮುಂದೆ ಅದು ಲೆಕ್ಕಕ್ಕಿಲ್ಲ.

ಹೀಗೆ ಉಳಿಸಿದ ಹಣವನ್ನು ಸ್ಪೀಕರ್‌ಗೆ ಹಾಕಿ. ಒಟ್ಟು ಬಜೆಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರ್‌ಗಳಿಗೆ, ಸುಮಾರು ಮೂರನೇ ಒಂದು ಭಾಗ ರಿಸೀವರ್‌ಗೆ ಎಂಬ ಹಂಚಿಕೆ ಒಳ್ಳೆಯದು. ಧ್ವನಿಯ ಗುಣ ಹೆಚ್ಚಾಗಿ ಬದಲಾಗುವುದು ಸ್ಪೀಕರ್‌ನಿಂದ.

ಹಣ ಉಳಿಸಬಾರದ ಜಾಗಗಳು

ಕಲ್ಲುಚಪ್ಪಡಿ ಅಥವಾ ಆರ್‌ಸಿಸಿ ಛಾವಣಿ, ನುಣುಪಾದ ನೆಲ, ಬೋಳು ಗೋಡೆ ಇರುವ ಹಾಲ್‌ನಲ್ಲಿ ಧ್ವನಿ ಪುಟಿದು ಪುಟಿದು ಮಾತು ಮಸುಕಾಗುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಎಷ್ಟೋ ಸುಧಾರಿಸುತ್ತದೆ. ಉಳಿದದ್ದಕ್ಕೆ ರಿಸೀವರ್‌ನ ಸ್ವಯಂ ಹೊಂದಾಣಿಕೆ ನೆರವಾಗುತ್ತದೆ. ಡೆನಾನ್‌ನಲ್ಲಿ ಇದರ ಹೆಸರು ಆಡಿಸ್ಸಿ, ಯಮಹಾದಲ್ಲಿ ವೈಪಿಎಒ. ಜೊತೆಗೆ ಬರುವ ಮೈಕನ್ನು ನೀವು ಕೂರುವ ಜಾಗದಲ್ಲಿಟ್ಟರೆ ಪ್ರತಿ ಸ್ಪೀಕರ್‌ನ ದೂರ, ಸದ್ದು ಅಳೆದು ಸರಿಮಾಡಿಕೊಳ್ಳುತ್ತದೆ. ಈ ಸೌಲಭ್ಯವಿಲ್ಲದ ರಿಸೀವರ್ ಬೇಡ. ಆಮೇಲೂ ಹಿರಿಯರಿಗೆ ಮಾತು ಕೇಳದಿದ್ದರೆ ಮಧ್ಯದ ಸ್ಪೀಕರ್ ಒಂದನ್ನೇ 2-3 ಡೆಸಿಬೆಲ್ ಏರಿಸಿ.

ಓಮ್ ಸಂಖ್ಯೆ ಹೊಂದಬೇಕು. ರಿಸೀವರ್ ಮೇಲೆ ಕನಿಷ್ಠ 6 ಓಮ್ ಎಂದಿದ್ದರೆ ಹಳೆಯ ಸೆಟ್‌ನ 3 ಅಥವಾ 4 ಓಮ್ ಸ್ಪೀಕರ್ ಜೋಡಿಸಬೇಡಿ. ಕರೆಂಟ್ ಹೆಚ್ಚು ಹರಿದು ರಿಸೀವರ್ ಕಾದು, ತಾನಾಗಿ ನಿಲ್ಲಬಹುದು ಅಥವಾ ಸುಡಬಹುದು.

ವಿದೇಶದಿಂದ ಬಂಧುಗಳು ತಂದುಕೊಡುವ ರಿಸೀವರ್ ಬಗ್ಗೆ ಎಚ್ಚರ. ಅಮೆರಿಕದ್ದು 120 ವೋಲ್ಟ್‌ಗೆ, ಜಪಾನಿನದ್ದು 100 ವೋಲ್ಟ್‌ಗೆ ಮಾಡಿದ್ದಿರಬಹುದು. ಹಿಂಬದಿಯ ಲೇಬಲ್ ನೋಡದೆ ನಮ್ಮ ಸಾಕೆಟ್‌ಗೆ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಹಾಳಾದೀತು. ವೋಲ್ಟೇಜ್ ಏರಿಳಿತ ಹೆಚ್ಚಿರುವ ಊರಿನಲ್ಲಿ ಒಂದು ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಇರಲಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಜೊತೆಗೆ ಡಿಶ್ ಕೇಬಲ್ ಕೂಡ ಕಿತ್ತಿಡಿ.

ರಿಸೀವರ್ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಮೇಲ್ಭಾಗದ ಕಿಂಡಿಗಳಿಂದ ಬಿಸಿ ಹೊರಹೋಗಬೇಕು, ಸುತ್ತ ಗಾಳಿಯಾಡಬೇಕು. ಬೆಚ್ಚಗಿನ ಜಾಗವೆಂದು ಹಲ್ಲಿ ಒಳಸೇರಿದರೆ ಶಾರ್ಟ್ ಆಗುವುದೂ ಉಂಟು.

ಅಂಗಡಿಯಲ್ಲಿ ಕೇಳಬೇಕಾದ್ದು

ಎರಡು ಚಾನೆಲ್ ಒಟ್ಟಿಗೆ ನುಡಿದಾಗ ಎಷ್ಟು ವ್ಯಾಟ್? ಎಷ್ಟು ಓಮ್‌ನ ಸ್ಪೀಕರ್ ಜೋಡಿಸಬಹುದು? ಎಆರ್‌ಸಿ ಇದೆಯೇ? ಹೊಂದಾಣಿಕೆಯ ಮೈಕ್ ಡಬ್ಬದಲ್ಲಿದೆಯೇ? ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಸಿಗುತ್ತದೆಯೇ? ರಿಪೇರಿಗೆ ಚಿಂತಾಮಣಿಯಲ್ಲೇ ಕೊಡಬಹುದೇ, ಬೆಂಗಳೂರಿಗೆ ಹೊತ್ತೊಯ್ಯಬೇಕೇ? ಈ ಆರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಕ್ಕ ಮೇಲೆ ನಿಮಗೆ ಗೊತ್ತಿರುವ ಸಿನಿಮಾದ ಒಂದು ಮಾತಿನ ದೃಶ್ಯ ಹಾಕಿಸಿ ಕೇಳಿ. ಸದ್ದನ್ನು ತಗ್ಗಿಸಿದಾಗಲೂ ಪ್ರತಿ ಮಾತು ಬಿಡಿಬಿಡಿಯಾಗಿ ಕೇಳಿಸಿದರೆ, ಡಬ್ಬದ ಮೇಲಿನ ಸಂಖ್ಯೆ ಚಿಕ್ಕದಾಗಿದ್ದರೂ ನಿಮ್ಮ ಆಯ್ಕೆ ಸರಿಯಾಗಿದೆ.